ದೊಡ್ಡವರ ಪಾಠದ ಹೊತ್ತಿನಲ್ಲಿ ಚಿಕ್ಕವರ ಕೈಗೊಂದು ಕೆಲಸ

ಮನೆಯಲ್ಲಿಯೇ ಪಾಠ ಹೇಳಿಕೊಡುವವರಿಗೆ ದೊಡ್ಡ ಮಗುವಿನ ಭಾಗಾಕಾರಕ್ಕಿಂತ, ಅದೇ ಹೊತ್ತಿಗೆ ಪೆನ್ಸಿಲ್ ಕಸಿದುಕೊಳ್ಳುವ ನಾಲ್ಕು ವರ್ಷದ ತಮ್ಮನೇ ದೊಡ್ಡ ಲೆಕ್ಕವಾಗಿಬಿಡುತ್ತಾನೆ. ಧಾರವಾಡದ ನಮ್ಮ ಮನೆಯಲ್ಲಿ ಪಾಠಕ್ಕೆ ಮೊದಲಿನ 15 ನಿಮಿಷಗಳನ್ನು ಪೂರ್ತಿಯಾಗಿ ಚಿಕ್ಕವನಿಗೇ ಕೊಡುತ್ತೇವೆ. ಹೊಟ್ಟೆಯೂ ಮನಸ್ಸೂ ತುಂಬಿದ ಮಗು ತಾನಾಗಿ ಆಟಕ್ಕೆ ಇಳಿಯುತ್ತದೆ.

ಆಟಕ್ಕೆ ನಮ್ಮ ಎರೆಮಣ್ಣಿಗಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ. ಹೆಂಟೆಗಳನ್ನು ಹಿಂದಿನ ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಕಲ್ಲು, ಬೇರು, ಗಾಜಿನ ಚೂರುಗಳಿಲ್ಲದಂತೆ ಆರಿಸಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಪಡಸಾಲೆಯಲ್ಲಿ ಹಳೆಯ ಗೋಣಿಚೀಲ ಹಾಸಿ ಅದರ ಮೇಲೆ ಇಡಬೇಕು. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ನೋಡಿದ ಎತ್ತನ್ನು ಮಗು ನೆನಪಿನಿಂದಲೇ ಮಾಡತೊಡಗುತ್ತದೆ: ಹಿಣಿಲು ಕೂಡುತ್ತದೆ, ಕೋಡು ಬೀಳುತ್ತದೆ, ಮತ್ತೆ ಅಂಟಿಸುತ್ತದೆ, ಅಷ್ಟರಲ್ಲಿ ಅಕ್ಕನ ಎರಡು ಲೆಕ್ಕ ಮುಗಿದಿರುತ್ತವೆ. ಬಿಸಿಲಿಗಿಟ್ಟರೆ ಎತ್ತು ಬಿರಿಯುತ್ತದೆ, ಅಳುವೂ ಶುರುವಾಗುತ್ತದೆ. ಆದ್ದರಿಂದ ನೆರಳಿನಲ್ಲಿ ಒಣಗಿಸಿರಿ.

ಮಣ್ಣು ಬೇಸರವಾದ ದಿನ ಮೊರದಲ್ಲಿ ಬೆಳ್ಳುಳ್ಳಿ ಗಡ್ಡೆ, ಹುಣಸೆಕಾಯಿ, ಒಣ ಕೊಬ್ಬರಿ ಬಟ್ಟಲುಗಳನ್ನು ಬೆರೆಸಿಟ್ಟು ಬೇರ್ಪಡಿಸಲು ಹೇಳಬಹುದು. ಕಡಲೆ, ಅಲಸಂದಿಯಂಥ ಕಾಳುಗಳನ್ನು ಮಾತ್ರ ಕೊಡಬೇಡಿ, ಅವು ಮೂಗಿಗೂ ಗಂಟಲಿಗೂ ಹೋಗುತ್ತವೆ. ಬಕೆಟ್‌ನಲ್ಲಿ ಸ್ವಲ್ಪವೇ ನೀರಿದ್ದರೂ ಅಪಾಯವಾದ್ದರಿಂದ, ನೀರಾಟವನ್ನು ನೀವು ಪಕ್ಕದಲ್ಲಿಯೇ ಇರುವ ಹೊತ್ತಿಗೆ ಮೀಸಲಿಡಿ.

ಹೊಸ ಪಾಠವನ್ನು ಚಿಕ್ಕವನು ಮಲಗಿದ ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ.