4294967297 ಅನ್ನು ಪೆನ್ಸಿಲ್ ಹಿಡಿದು ಒಡೆದದ್ದು

2ರ 32ನೇ ಘಾತಕ್ಕೆ 1 ಕೂಡಿಸಿದರೆ 4294967297. ಇದು ಅವಿಭಾಜ್ಯ ಎಂದು ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದು ತೋರಿಸಿದ. ಉತ್ತರ ನನಗೆ ಮೊದಲೇ ಗೊತ್ತಿತ್ತು. ಆದರೂ ಕೈಯಲ್ಲೇ ಮಾಡಿ ನೋಡಬೇಕು ಅನ್ನಿಸಿತು.

ಮೊದಲು ಹಿಡಿದದ್ದು ತಪ್ಪು ದಾರಿ. ಒಂದು ಬೆಸ ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2 ಅನ್ನು ಏರಿಸಿ ಅದರಿಂದಲೇ ಭಾಗಿಸಿದಾಗ ಶೇಷ 1 ಬರಬೇಕು. ಇದು ಫರ್ಮಾನದೇ ನಿಯಮ. ಮಾಡಿದೆ, 1 ಬಂತು! ಗಾಬರಿಯಾಯಿತು. ಆಮೇಲೆ ಹೊಳೆಯಿತು: ಇಲ್ಲಿ 2ರ 32ನೇ ಘಾತದ ಶೇಷ −1 (ಅಂದರೆ 1 ಕೂಡಿಸಿದರೆ ಪೂರ್ತಿ ಭಾಗವಾಗುತ್ತದೆ), ಹಾಗಾಗಿ 64ನೇ ಘಾತದ ಶೇಷ 1. ನಮಗೆ ಬೇಕಾದ ಘಾತ 64ರ ಅಪವರ್ತ್ಯವೇ ಆದ್ದರಿಂದ 1 ಬರಲೇಬೇಕು. 2 ಇಲ್ಲಿ ಏನನ್ನೂ ಪರೀಕ್ಷಿಸುವುದೇ ಇಲ್ಲ. 2ರ ಬದಲು 3 ಇಟ್ಟರೆ 32 ಸಲ ವರ್ಗ ಮಾಡಬೇಕು. ಅಷ್ಟನ್ನು ಮಾತ್ರ ಕಂಪ್ಯೂಟರಿಗೆ ಕೊಟ್ಟೆ. ಶೇಷ 3029026160. ಅಂದರೆ ಅವಿಭಾಜ್ಯ ಅಲ್ಲ, ಆದರೆ ಯಾವುದರಿಂದ ಭಾಗವಾಗುತ್ತದೆ ಎಂಬುದು ಇದರಿಂದ ಗೊತ್ತಾಗುವುದಿಲ್ಲ.

ಸುಮ್ನೆ ಭಾಗಿಸುತ್ತಾ ಹೋಗೋಣವೆಂದರೆ ವರ್ಗಮೂಲ 65536ರ ಹತ್ತಿರ. ಅದರೊಳಗೆ 6542 ಅವಿಭಾಜ್ಯಗಳಿವೆ. ಆಗದ ಮಾತು. ಆದರೆ ನನ್ನ ದಾರಿ ತಪ್ಪಿಸಿದ ಆ 64 ಇಲ್ಲಿ ಕೈ ಹಿಡಿಯಿತು. ಯಾವ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸಿದರೂ, ಅದರ ಲೆಕ್ಕದಲ್ಲಿ 2ರ ಘಾತಗಳ ಶೇಷ ಮೊದಲ ಸಲ 1 ಆಗುವುದು ಸರಿಯಾಗಿ 64ನೇ ಹೆಜ್ಜೆಯಲ್ಲಿ. ಫರ್ಮಾನ ನಿಯಮದಂತೆ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಹೆಜ್ಜೆಯಲ್ಲೂ ಶೇಷ 1 ಬರಬೇಕು, ಹಾಗಾದರೆ ಆ ಅವಿಭಾಜ್ಯದಲ್ಲಿ 1 ಕಳೆದರೆ 64ರಿಂದ ಭಾಗವಾಗಲೇಬೇಕು. ಆಯ್ಲರ್ ಹಿಡಿದ ಎಳೆ ಇದೇ. ಇನ್ನೊಂದು ಹೆಜ್ಜೆ ಮುಂದೆ ಹೋದರೆ 64ರ ಜಾಗದಲ್ಲಿ 128 ಇಡಬಹುದು. ಯಾವುದೋ ಒಂದು ಸಂಖ್ಯೆಯ ವರ್ಗವನ್ನು ಅಂಥ ಅವಿಭಾಜ್ಯದಿಂದ ಭಾಗಿಸಿದಾಗ ಶೇಷ 2 ಬರುತ್ತದೆ, ಆ ಸಂಖ್ಯೆಯ ಘಾತಗಳ ಶೇಷ 1 ಆಗಲು 128 ಹೆಜ್ಜೆ ಬೇಕು.

ಈಗ ಪಟ್ಟಿ ನೋಡಿ: 129, 257, 385, 513, 641. ಇದರಲ್ಲಿ ಅವಿಭಾಜ್ಯಗಳು 257 ಮತ್ತು 641 ಮಾತ್ರ. 257 ಕೂಡ ಇದೇ ಕುಟುಂಬದ್ದು, 2ರ 8ನೇ ಘಾತಕ್ಕೆ 1 ಕೂಡಿಸಿದ್ದು. ಈ ಕುಟುಂಬದ ಫರ್ಮಾ ಸಂಖ್ಯೆಗಳಲ್ಲಿ (2ರ 1, 2, 4, 8, 16, 32... ಘಾತಗಳಿಗೆ 1 ಕೂಡಿಸಿದವು) ಯಾವ ಎರಡಕ್ಕೂ 1 ಬಿಟ್ಟು ಸಾಮಾನ್ಯ ಅಪವರ್ತನ ಇರುವುದಿಲ್ಲ, ಹಾಗಾಗಿ ಅದನ್ನೂ ಬಿಟ್ಟೆ. ಉಳಿದದ್ದು 641 ಒಂದೇ. ಭಾಗಿಸಿದೆ. ಶೇಷ ಸೊನ್ನೆ, ಭಾಗಲಬ್ಧ 6700417. 6542ರಿಂದ ಒಂದಕ್ಕೆ ಇಳಿದ ಆ ಕ್ಷಣದ ಖುಷಿ ಹೇಳಿ ತೀರದು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇದರ ಮುಂದಿನದೇ ಜಾಸ್ತಿ ಇಷ್ಟ. 6700417 ಇನ್ನೂ ಒಡೆಯುತ್ತದೆಯೇ? ಅದರ ಅಪವರ್ತನಗಳೂ ಅದೇ ನಿಯಮ ಪಾಲಿಸಬೇಕು ಅಲ್ವಾ? ವರ್ಗಮೂಲ 2588ರ ಸುಮಾರು. ಅಷ್ಟರೊಳಗೆ 128ರ ಅಪವರ್ತ್ಯಕ್ಕೆ 1 ಕೂಡಿಸಿ ಬರುವ ಅವಿಭಾಜ್ಯಗಳು 257 ಬಿಟ್ಟರೆ ನಾಲ್ಕೇ: 641, 769, 1153, 1409. 641ನ್ನು ಇನ್ನೊಮ್ಮೆ ಪ್ರಯತ್ನಿಸಲೇಬೇಕು, ಅದೇ ಅಪವರ್ತನ ಎರಡು ಸಲ ಬರಬಹುದಲ್ಲ. ನಾಲ್ಕು ಭಾಗಾಕಾರ ಮಾಡಿದೆ. ಶೇಷಗಳು ಕ್ರಮವಾಗಿ 44, 120, 334, 622. ಒಂದೂ ಸೊನ್ನೆಯಲ್ಲ. ಹಾಗಾಗಿ 6700417 ಅವಿಭಾಜ್ಯ. ಏಳಂಕಿಯ ಒಂದು ಸಂಖ್ಯೆ ಅವಿಭಾಜ್ಯವೆಂದು ಅರ್ಧ ಹಾಳೆಯಲ್ಲಿ ಸಾಬೀತಾಯಿತು.