ಹಳೇ ಪೆಂಟಿಯಂ 4ಕ್ಕೆ ಬೂಟ್ ಪಾರ್ಟಿಶನ್ ಬೇರೆ ಯಾಕೆ ಮಾಡುತ್ತೇನೆ

ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕುವಾಗ ಡಿಸ್ಕಿನ ಶುರುವಿನಲ್ಲೇ 1 ಜಿಬಿಯಷ್ಟು ಜಾಗವನ್ನು ಬೂಟ್ ಪಾರ್ಟಿಶನ್‌ಗೆ, ಅಂದರೆ ಯಂತ್ರ ಏಳಲು ಬೇಕಾದ ಫೈಲ್‌ಗಳ ಭಾಗಕ್ಕೆ ಅಂತ ಬೇರೆ ಇಡುತ್ತೇನೆ. "ಇನ್‌ಸ್ಟಾಲರ್ ತಾನೇ ಎಲ್ಲ ನೋಡ್ಕೊಳ್ಳುತ್ತೆ, ನಿಂಗ್ಯಾಕೆ ಈ ಉಸಾಬರಿ?" ಅಂತ ಗೆಳೆಯರು ನಗುತ್ತಾರೆ. ಈಚಿನ ಯಂತ್ರವಾದರೆ ಅವರ ಮಾತು ಸರಿ. 2002ರ ಆಸುಪಾಸಿನ ಪೆಂಟಿಯಂ 4 ಆದರೆ ಅಲ್ಲ.

ನಾನು ಆಗಾಗ ಹೋಗುವ ಒಂದು ಶಾಲೆಯಲ್ಲಿ ಅಂಥ ಯಂತ್ರಗಳಿವೆ. ಅವುಗಳ 40 ಜಿಬಿ ಡಿಸ್ಕ್‌ಗಳು ಕೆಟ್ಟಾಗ ಬೆಂಗಳೂರಿನ ಎಸ್‌.ಪಿ. ರೋಡಿನಿಂದ 160 ಜಿಬಿಯ ಹಳೇ ಐಡಿಇ ಡಿಸ್ಕ್‌ಗಳನ್ನು ತರಿಸಿ ಹಾಕಿದ್ದರು. ಯಾರೋ ಡೆಬಿಯನ್ 12 ಅನ್ನುವ ಲಿನಕ್ಸ್ ಕೂಡ ಹಾಕಿಕೊಟ್ಟಿದ್ದರು. ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಜಾಗ) ಬಿಟ್ಟರೆ ಇಡೀ ಡಿಸ್ಕಿಗೆ ಒಂದೇ ರೂಟ್ ಪಾರ್ಟಿಶನ್, ಸಿಸ್ಟಮ್ಮೂ ಫೈಲ್‌ಗಳೂ ಎಲ್ಲ ಅದರಲ್ಲೇ. ಬಹಳ ದಿನ ಏನೂ ತೊಂದರೆ ಇರಲಿಲ್ಲ. ಆಮೇಲೊಂದು ಅಪ್‌ಡೇಟ್ ಆಯಿತು, ಒಂದು ಯಂತ್ರ ಏಳಲೇ ಇಲ್ಲ. ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಗ್ರಬ್‌ನ ಮೆನು ಬರುತ್ತದೆ. ಎಂಟರ್ ಒತ್ತಿದರೆ "ಅಟೆಂಪ್ಟ್ ಟು ರೀಡ್ ಆರ್ ರೈಟ್ ಔಟ್‌ಸೈಡ್ ಆಫ್ ಡಿಸ್ಕ್ ಎಚ್‌ಡಿ0" (ಡಿಸ್ಕಿನ ಆಚೆಗೆ ಓದಲು ಅಥವಾ ಬರೆಯಲು ಹೊರಟಿದೆ) ಅಂತ ಬಂದು ನಿಂತುಬಿಡುತ್ತದೆ.

"ಡಿಸ್ಕ್ ಹೋಯ್ತಲ್ವಾ ಸರ್? ಬೇರೆ ತರಿಸೋಣ್ವಾ?" ಅಂದರು ಮೇಷ್ಟ್ರು.

ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ ಹೋಗಿ ಅಪ್‌ಡೇಟ್‌ಗೆ ಹಿಂದಿನ ಕರ್ನಲ್ (ಲಿನಕ್ಸಿನ ತಿರುಳು) ಆರಿಸಿದೆ. ಸಲೀಸಾಗಿ ಎದ್ದಿತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ರಿಪೋರ್ಟ್ ತೆಗೆದು ನೋಡಿದರೆ ಕೆಟ್ಟ ಸೆಕ್ಟರ್ ಒಂದೂ ಇಲ್ಲ. ಹಳೇ ಕರ್ನಲ್ ಏಳುತ್ತದೆ, ಹೊಸದು ಏಳುವುದಿಲ್ಲ, ಡಿಸ್ಕ್ ಗಟ್ಟಿಯಾಗಿದೆ ಅಂದರೆ ನನ್ನ ಅನುಮಾನ ಸೀದಾ ಬಯಾಸ್ ಮೇಲೆ, ಅಂದರೆ ಮದರ್‌ಬೋರ್ಡಿನಲ್ಲಿದ್ದು ಯಂತ್ರ ಆನ್ ಆದೊಡನೆ ಮೊದಲು ಓಡುವ ಪ್ರೋಗ್ರಾಂ ಮೇಲೆ ಹೋಗುತ್ತದೆ.

ಆ ಕಾಲದ ಎಷ್ಟೋ ಬಯಾಸ್‌ಗಳು ಸೆಕ್ಟರ್ ವಿಳಾಸಕ್ಕೆ 28 ಬಿಟ್ ಮಾತ್ರ ಬಳಸುತ್ತಿದ್ದವು. ಒಂದು ಸೆಕ್ಟರ್ 512 ಬೈಟ್. ಲೆಕ್ಕ ಹಾಕಿದರೆ 137 ಜಿಬಿಗೆ ಮುಗಿಯಿತು. ಅದರಾಚೆ ಡಿಸ್ಕ್ ಇದೆ ಅನ್ನುವುದೇ ಬಯಾಸ್‌ಗೆ ಗೊತ್ತಿಲ್ಲ. ಲಿನಕ್ಸ್ ಒಮ್ಮೆ ಎದ್ದ ಮೇಲೆ ಬಯಾಸನ್ನು ಕೇಳುವುದಿಲ್ಲ, ಡಿಸ್ಕಿನ ಜೊತೆ ನೇರವಾಗಿ ಮಾತಾಡುತ್ತದೆ. ಹಾಗಾಗಿ ಅದಕ್ಕೆ ಪೂರ್ತಿ 160 ಜಿಬಿ ಕಾಣುತ್ತದೆ, ಎಲ್ಲಿ ಬೇಕಾದರೂ ಬರೆಯುತ್ತದೆ. ಗ್ರಬ್ ಹಾಗಲ್ಲ, ಡಿಸ್ಕ್ ಓದಲು ಅದಕ್ಕೆ ಬಯಾಸೇ ಗತಿ. ಹೊಸ ಕರ್ನಲ್ ಹೋಗಿ ಬಯಾಸ್‌ನ ಕೈಗೆಟುಕದ ಅಟ್ಟದ ಮೇಲೆ ಕೂತಿತ್ತು, ಅಷ್ಟೇ. ಗ್ರಬ್ ಮೆನುವಿನಲ್ಲಿ 'ಸಿ' ಒತ್ತಿ, 'ಎಲ್‌ಎಸ್ -ಎಲ್' ಅಂತ ಕೊಟ್ಟರೆ ಬಯಾಸ್ ಹೇಳುವ ಡಿಸ್ಕ್ ಅಳತೆ ಕಾಣುತ್ತದೆ. ಇಲ್ಲಿ 160 ಇರಲಿಲ್ಲ, 137ಕ್ಕೇ ನಿಂತಿತ್ತು.

ಇಂಥ ಗೋಡೆಗಳು ಮೊದಲೂ ಇದ್ದವು. 504 ಎಂಬಿ, 8.4 ಜಿಬಿ, 32 ಜಿಬಿ. ಗ್ರಬ್‌ಗಿಂತ ಮೊದಲಿನ ಲಿಲೋ ಕಾಲದಲ್ಲಿ ಕರ್ನಲ್ 1024ನೇ ಸಿಲಿಂಡರ್ ಒಳಗಿರಬೇಕು ಅನ್ನುತ್ತಿದ್ದದ್ದೂ ಇದೇ ಕಾಯಿಲೆಗೆ.

ಆ ಯಂತ್ರವನ್ನು ಪೂರ್ತಿ ಅಳಿಸುವ ಅಗತ್ಯ ಬರಲಿಲ್ಲ. ಮಕ್ಕಳ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟು, ಲೈವ್ ಪೆನ್‌ಡ್ರೈವ್‌ನಿಂದ ಪಾರ್ಟಿಶನ್ ತಿದ್ದುವ ಜಿಪಾರ್ಟೆಡ್ ತೆರೆದು, ರೂಟ್ ಪಾರ್ಟಿಶನ್ನನ್ನು ಹಿಂಬದಿಯಿಂದ 60 ಜಿಬಿಗೆ ಕುಗ್ಗಿಸಿದೆ, ಈಗ ಕರ್ನಲ್ ಎಲ್ಲಿ ಕೂತರೂ 137ರ ಒಳಗೇ. ಶುರುವಿನ ಜಾಗ ಬದಲಾಗದ್ದರಿಂದ ಗ್ರಬ್ ಮತ್ತೆ ಹಾಕಬೇಕಾಗಲಿಲ್ಲ. ಖಾಲಿಯಾದ ಜಾಗ ಬಳಕೆದಾರರ ಫೈಲ್‌ಗಳಿಗೆ ಹೋಮ್ ಪಾರ್ಟಿಶನ್ ಆಯಿತು.

ಉಳಿದ ಯಂತ್ರಗಳನ್ನು ಹೊಸದಾಗಿಯೇ ಮಾಡಿದೆ. ಎಫ್‌ಡಿಸ್ಕ್‌ನಲ್ಲಿ ಡಾಸ್ ಮಾದರಿಯ ಪಾರ್ಟಿಶನ್ ಟೇಬಲ್. 2 ಟಿಬಿ ಒಳಗಿನ ಡಿಸ್ಕಿಗೆ, ಅದೂ ಇಷ್ಟು ಹಳೇ ಬಯಾಸ್‌ಗೆ, ಹೊಸ ಮಾದರಿಯಾದ ಜಿಪಿಟಿ ಸುಮ್ನೆ ತಲೆನೋವು. ಮೊದಲು 1 ಜಿಬಿ ಬೂಟ್, ಆಮೇಲೆ ರೂಟ್, ಸ್ವಾಪ್, ಹೋಮ್. ಬೂಟ್ ಶುರುವಿನಲ್ಲೇ ಇದ್ದರೆ ಕರ್ನಲ್ ಯಾವತ್ತೂ ಬಯಾಸ್‌ನ ಕೈಗೆಟುಕುವಲ್ಲೇ ಇರುತ್ತದೆ. ಮೊದಲ ಪಾರ್ಟಿಶನ್ 2048ನೇ ಸೆಕ್ಟರಿನಿಂದ ಶುರುವಾಗಬೇಕು. ಎಕ್ಸ್‌ಪಿ ಕಾಲದ ಡಿಸ್ಕ್‌ಗಳಲ್ಲಿ ಅದು 63ರಿಂದ ಶುರುವಾಗಿರುತ್ತದೆ. ಎಂಬಿಆರ್‌ನಲ್ಲಿ, ಅಂದರೆ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ, ಬೂಟ್ ಕೋಡ್‌ಗೆ ಇರುವುದು 446 ಬೈಟ್ ಮಾತ್ರ. ಗ್ರಬ್‌ನ ಮುಂದಿನ ತುಂಡು ಎಂಬಿಆರ್‌ಗೂ ಮೊದಲ ಪಾರ್ಟಿಶನ್‌ಗೂ ನಡುವಿನ ಸಂದಿಯಲ್ಲಿ ಕೂರಬೇಕು. 63ರ ಲೆಕ್ಕದಲ್ಲಿ ಆ ಸಂದಿ ಬರೀ 31 ಕೆಬಿ. ಒಮ್ಮೊಮ್ಮೆ ಸಾಲುವುದಿಲ್ಲ, ಗ್ರಬ್ ಗೊಣಗುತ್ತದೆ.

ಇನ್ನೊಂದು ಮಾತು. ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳ ಬಯಾಸ್, ಒಂದಾದರೂ ಪಾರ್ಟಿಶನ್‌ಗೆ ಬೂಟ್ ಫ್ಲಾಗ್ (ಇಲ್ಲಿಂದ ಏಳು ಅನ್ನುವ ಗುರುತು) ಇಲ್ಲದಿದ್ದರೆ ಡಿಸ್ಕನ್ನು ಮುಟ್ಟುವುದೇ ಇಲ್ಲ. ಗ್ರಬ್‌ಗೆ ಅದು ಬೇಡ, ಆದರೂ ಎಫ್‌ಡಿಸ್ಕ್‌ನಲ್ಲಿ 'ಎ' ಒತ್ತಿ ಹಾಕಿಬಿಡುತ್ತೇನೆ.

ಗ್ರಬ್ ಎಲ್ಲಿ ಹಾಕಲಿ ಅಂತ ಇನ್‌ಸ್ಟಾಲರ್ ಕೇಳುವಾಗ ಅವಸರ ಬೇಡ. ಪೆನ್‌ಡ್ರೈವ್‌ನಿಂದ ಹಾಕುತ್ತಿದ್ದರೆ ಪಟ್ಟಿಯಲ್ಲಿ ಮೊದಲ ಡಿಸ್ಕಿನ ಹೆಸರಾದ ಎಸ್‌ಡಿಎ ಅನ್ನುವುದು ಆ ಪೆನ್‌ಡ್ರೈವೇ ಆಗಿರಬಹುದು. ಡಿಸ್ಕಿನ ಗಾತ್ರ, ಮಾಡೆಲ್ ನೋಡಿಯೇ ಆರಿಸುತ್ತೇನೆ. ಕೊಡಬೇಕಾದ್ದು ಇಡೀ ಡಿಸ್ಕ್, ಎಸ್‌ಡಿಎ1 ಥರದ ಪಾರ್ಟಿಶನ್ ಅಲ್ಲ.

ಜೊತೆಗೆ ಎಲ್ಲ ಬೋರ್ಡ್‌ಗಳ ಬಯಾಸ್ ಸೆಟ್ಟಿಂಗ್ ಉಳಿಸುವ ಸಿಆರ್2032 ಸೆಲ್ ಬದಲಾಯಿಸಿದೆ. ಶಾಲೆಯಲ್ಲಿ ಸಂಜೆ ಮೇನ್ ಸ್ವಿಚ್ ಆಫ್ ಮಾಡುತ್ತಾರಲ್ಲ, ಸೆಲ್ ಸತ್ತಿದ್ದರೆ ಬೆಳಗಾಗುವಷ್ಟರಲ್ಲಿ ಬಯಾಸ್ ಬೂಟ್ ಆರ್ಡರ್ ಮರೆತಿರುತ್ತದೆ. "ಗ್ರಬ್ ಹೋಯ್ತು" ಅಂತ ಬರುವ ದೂರುಗಳಲ್ಲಿ ಇದೂ ಜಾಸ್ತಿ.

2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ ಇಲ್ಲ. ಈ ಪೆಂಟಿಯಂಗಳು 32 ಬಿಟ್, ಹಾಗಾಗಿ 12ರಲ್ಲೇ ಉಳಿಯುತ್ತವೆ. ಅದಕ್ಕೆ ಎಲ್‌ಟಿಎಸ್ (ದೀರ್ಘಕಾಲದ ಸುರಕ್ಷತಾ ಅಪ್‌ಡೇಟ್) 2028ರ ಜೂನ್‌ವರೆಗೆ ಇದೆ. ಪಕ್ಕದ ಸಾಲಿನಲ್ಲಿರುವ ಕೋರ್ 2 ಡುಯೋಗಳು 64 ಬಿಟ್, ಅವಕ್ಕೆ 13 ಹಾಕಲು ಶುರು ಮಾಡಿದ್ದೇನೆ.