180 ಕೆಲ್ವಿನ್ ಜಿಗಿತ: ಹರಳಿನ ಪಾಲೆಷ್ಟು, ತಾಪಮಾಪಕದ ಪಾಲೆಷ್ಟು?

ಟ್ಯಾಂಟಲಮ್ ಡೈಸಲ್ಫೈಡ್ ಟ್ಯಾಂಟಲಮ್ ಮತ್ತು ಗಂಧಕದ ಪದರಪದರವಾದ ಹರಳು. ಅದರ 1ಟಿ ಎಂಬ ರೂಪವನ್ನು (ಪರಮಾಣು ಜೋಡಣೆಯ ಒಂದು ಬಗೆ) ತಣಿಸುತ್ತ ಹೋದರೆ ಸುಮಾರು 180 ಕೆಲ್ವಿನ್‌ನಲ್ಲಿ ವಿದ್ಯುತ್ ರೋಧ ಒಮ್ಮೆಲೇ ಸುಮಾರು ಹತ್ತು ಪಟ್ಟು ಏರುತ್ತದೆ. ಹದಿಮೂರು ಟ್ಯಾಂಟಲಮ್ ಪರಮಾಣುಗಳ ನಕ್ಷತ್ರಾಕಾರದ ಗುಂಪುಗಳು ಅದುವರೆಗೆ ತುಣುಕು ತುಣುಕಾಗಿದ್ದು, ಅಲ್ಲಿ ಇಡೀ ಪದರವನ್ನು ಆವರಿಸುತ್ತವೆ. ಮರಳಿ ಕಾಯಿಸಿದಾಗ ರೋಧ ಬೀಳುವುದು ಸುಮಾರು 220ರಲ್ಲಿ. ಈ ಅಂತರ ಹರಳಿನದೇ, ಇಲ್ಲ ತಾಪಮಾಪಕ ಹಿಂದುಳಿದು ತೋರಿಸಿದ್ದೇ? ಅದನ್ನು ನಂಬುವ ಮುಂಚೆ ಮಾಡಿದ ಕೆಲಸ ಇಲ್ಲಿದೆ.

ಹರಳು ಬೆಳೆಸಲು ಒಂದು ಗ್ರಾಂಗೆ ಟ್ಯಾಂಟಲಮ್ ಪುಡಿ 0.738 ಗ್ರಾಂ, ಗಂಧಕ 0.262 ಗ್ರಾಂ ತೂಗಿ, ಗಂಧಕವನ್ನು ಶೇ 2ರಷ್ಟು ಹೆಚ್ಚಿಗೆ ಹಾಕಿದೆ. ಕೊಳವೆಯ ಪ್ರತಿ ಘನ ಸೆಂ.ಮೀ.ಗೆ 3 ಮಿ.ಗ್ರಾಂ ಅಯೋಡಿನ್; ವಸ್ತುವನ್ನು ಆವಿಯಾಗಿ ಬಿಸಿ ತುದಿಯಿಂದ ತಣ್ಣನೆ ತುದಿಗೆ ಸಾಗಿಸಿ ಹರಳು ಕಟ್ಟಿಸುವುದು ಇದೇ. ಅದು ಪಂಪಿಗೆ ಹಾರಿಹೋಗದಂತೆ ಕ್ವಾರ್ಟ್ಜ್ ಕೊಳವೆಯ ತಳವನ್ನು ದ್ರವ ಸಾರಜನಕದಲ್ಲಿಟ್ಟೇ ಗಾಳಿ ಎಳೆದು ಬೆಸೆಯಬೇಕು. 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ನಿಲ್ಲಿಸಿದೆ. ಬಿಡಿ ಗಂಧಕ ಉಳಿದಿರುವಾಗ ಆತುರಪಟ್ಟು ಕಾಯಿಸಿದರೆ ಆವಿಯ ಒತ್ತಡಕ್ಕೆ ಕೊಳವೆ ಸಿಡಿಯುತ್ತದೆ. ಆಮೇಲೆ ಬಿಸಿ ತುದಿ 950, ತಣ್ಣನೆ ತುದಿ 850, ಹತ್ತು ದಿನ. ಕೊನೆಗೆ ಮುಖಗವಸು ಹಾಕಿಕೊಂಡು ಕೊಳವೆಯನ್ನು ನೇರ ಐಸ್ ನೀರಿಗೆ ಇಳಿಸಿದೆ. ನಿಧಾನ ತಣಿಸಿದರೆ ಇದೇ ವಸ್ತುವಿನ ಇನ್ನೊಂದು ಜೋಡಣೆಯಾದ 2ಎಚ್ ರೂಪ ಬರುತ್ತದೆ. ಕಣ್ಣಿಗೇ ಗೊತ್ತಾಗುತ್ತದೆ: 1ಟಿ ಚಿನ್ನದ ಹೊಳಪು, 2ಎಚ್ ಕಪ್ಪು ಬೂದು.

ತಂತಿ ಜೋಡಿಸುವಾಗಲೇ ಹೆಚ್ಚು ಹರಳು ಹಾಳಾಗುವುದು. ಟೇಪಿನಿಂದ ಮೇಲ್ಪದರ ಎತ್ತಿ, ಹೊಸ ಮೈ ಕಂಡ ಕೂಡಲೇ 25 ಮೈಕ್ರಾನ್ ಚಿನ್ನದ ತಂತಿಗಳನ್ನು ಬೆಳ್ಳಿ ಪೇಸ್ಟಿನಿಂದ ನಾಲ್ಕು ಕಡೆ ಕೂರಿಸಿದೆ. ಪೇಸ್ಟ್ ಅಂಚಿನಿಂದ ಕೆಳಗಿಳಿದು ಎಲ್ಲ ಪದರಗಳನ್ನೂ ಮುಟ್ಟಬೇಕು. ಮೇಲೆ ಮಾತ್ರ ಕೂತರೆ ಪದರಗಳ ನಡುವಿನ ರೋಧವೂ ಅಳತೆಗೆ ಬೆರೆಯುತ್ತದೆ. ಹರಳನ್ನು ಒಂದೇ ಚುಕ್ಕೆ ಗ್ರೀಸಿನ ಮೇಲೆ ಕೂರಿಸಿ, ತಂತಿ ಸಡಿಲ ಬಿಟ್ಟೆ. ರೋಧ ಜಿಗಿಯುವಾಗ ಹರಳಿನ ಗಾತ್ರವೇ ಬದಲಾಗುತ್ತದೆ, ಬಿಗಿಯಾಗಿ ಅಂಟಿಸಿದ್ದು ಬಿರುಕು ಬಿಡುತ್ತದೆ.

ವಿದ್ಯುತ್ 0.1 ಮಿಲಿಆಂಪಿಯರ್, ಪ್ರತಿ ಬಿಂದುವಿನಲ್ಲೂ ದಿಕ್ಕು ತಿರುಗಿಸಿ ಸರಾಸರಿ. ತುದಿಗಳ ತಾಪವ್ಯತ್ಯಾಸದ ವೋಲ್ಟೇಜ್ ಹಾಗೆ ಅಳಿಯುತ್ತದೆ. ನಿಮಿಷಕ್ಕೆ 2, 1, 0.5 ಕೆಲ್ವಿನ್ ವೇಗಗಳಲ್ಲಿ ಮೂರು ಸುತ್ತು ಅಳೆದೆ. ತಾಪಮಾಪಕ ಹಿಂದುಳಿದಿದ್ದರಿಂದ ಹುಟ್ಟಿದ ಅಂತರ ವೇಗ ಅರ್ಧವಾದಾಗ ಅರ್ಧಕ್ಕಿಳಿಯುತ್ತದೆ. ಹರಳಿನದು ಹೆಚ್ಚುಕಡಿಮೆ ಅಲುಗುವುದಿಲ್ಲ. ನನಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿದೆ: 50 ಕೆಲ್ವಿನ್‌ಗಿಂತ ಕೆಳಗೆ ರೋಧ ಕಡಿದಾಗಿ ಏರುವ ಭಾಗದಲ್ಲಿ ತಣಿಸಿದ ಗೆರೆಯೂ ಕಾಯಿಸಿದ ಗೆರೆಯೂ ಒಂದರ ಮೇಲೊಂದು ಕೂರಬೇಕು. ಅಲ್ಲಿ ಬೇರೆಯಾದರೆ ತಪ್ಪು ತಾಪಮಾಪಕದ್ದು. ಅದನ್ನು ಹರಳಿನ ಪಕ್ಕಕ್ಕೇ ತರಬೇಕು.

ಅಶುದ್ಧಿ ಅಥವಾ ದೋಷ ಹೆಚ್ಚಿರುವ ಹರಳಿನಲ್ಲಿ ಜಿಗಿತ ಇಳಿಜಾರಾಗಿ ಹರಡುತ್ತದೆ. ಬಿರುಕು ಬಿಟ್ಟದ್ದೂ ಮೊದಲ ನೋಟಕ್ಕೆ ಹಾಗೇ ಕಾಣುತ್ತದೆ. ಮತ್ತೊಂದು ಸುತ್ತು ಅಳೆದರೆ ದೋಷವಿರುವ ಹರಳು ಅದೇ ಗೆರೆಯನ್ನು ಮರಳಿ ಬರೆಯುತ್ತದೆ. ಬಿರುಕಿನದು ಕೋಣೆಯ ತಾಪಕ್ಕೆ ಬಂದಾಗ ಮೊದಲಿಗಿಂತ ಹೆಚ್ಚು ರೋಧ ತೋರಿಸುತ್ತದೆ.